ಯಾವ ಬಾಬ್ತಿನ ಹಣ?

ಅಮೆರಿಕದ ಪತ್ರಿಕೆಯವರ ಪೇಮೆಂಟ್ ಫಾರ್ಮಿನಲ್ಲಿ ಎಷ್ಟೋ ಸಲ ಕರ್ನಾಟಕ ಇರುವುದಿಲ್ಲ. ಲೇಖನ ಒಪ್ಪಿಗೆಯಾಗಿ, ಸಂಪಾದಕಿ ತಿದ್ದಿಸಿದ್ದೂ ಮುಗಿದು, ಇನ್ನು ದುಡ್ಡಿನ ಮಾತು ಎನ್ನುವ ಹೊತ್ತಿಗೆ ಅಕೌಂಟ್ಸ್‌ನವರಿಂದ ಒಂದು ಲಿಂಕ್ ಬರುತ್ತದೆ. ಹೆಸರು, ಬೀದಿ, ಊರು ಸರಾಗವಾಗಿ ತುಂಬಿಕೊಳ್ಳುತ್ತವೆ. ರಾಜ್ಯ ಯಾವುದು ಎಂಬಲ್ಲಿಗೆ ಬಂದರೆ ಅಲಬಾಮಾದಿಂದ ವ್ಯೋಮಿಂಗ್‌ವರೆಗೆ ಐವತ್ತು ಹೆಸರು ಸಾಲಾಗಿ ಇಳಿಯುತ್ತವೆ. ಇಂಗ್ಲಿಷ್ ಅಕಾರಾದಿಯಲ್ಲಿ ನಮ್ಮ ರಾಜ್ಯ ಕೂರಬೇಕಾದ ಜಾಗ ಸರಿಯಾಗಿ ಕಾನ್ಸಾಸ್ ಮತ್ತು ಕೆಂಟಕಿಯ ನಡುವೆ. ಅಲ್ಲಿ ನಾವಿಲ್ಲ. ಅದರ ಕೆಳಗೆ ಜಿಪ್ ಕೋಡ್ ಕೇಳುತ್ತದೆ. ಅದಕ್ಕೆ ಐದೇ ಅಂಕಿ ಸಾಕು, ನಮ್ಮದು ಆರು. ಮೈಸೂರಿನ ಸರಸ್ವತೀಪುರಂನ 570009ರಲ್ಲಿ ಕೊನೆಯ ಒಂಬತ್ತು ಹೊರಗೇ ಉಳಿಯುತ್ತದೆ. ನಮ್ಮ ಬಡಾವಣೆಯ ಅಂಚೆ ಕಚೇರಿಯ ಗುರುತು ಇರುವುದೇ ಕೊನೆಯ ಮೂರು ಅಂಕಿಗಳಲ್ಲಿ.

ಈ ಆರು ಅಂಕಿಯ ಬಗ್ಗೆ ನನಗೆ ಅಭಿಮಾನವಿದೆ. ದೇಶಕ್ಕೆ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಅದನ್ನು ರೂಪಿಸಿದವರು ಕೇಂದ್ರದ ಸಂಪರ್ಕ ಸಚಿವಾಲಯದಲ್ಲಿ ಅಧಿಕಾರಿಯಾಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್. ಅವರು ಸಂಸ್ಕೃತದ ಕವಿ, ನಾಟಕಕಾರ. ದೇಶದ ಮೂಲೆ ಮೂಲೆಯ ಮನೆಗೆ ಕಾಗದ ಮುಟ್ಟಿಸುವ ಲೆಕ್ಕವನ್ನು ಬರೆಯುವ ಮನುಷ್ಯರೊಬ್ಬರು ಹಾಕಿಕೊಟ್ಟರು ಎನ್ನುವುದು ನನಗೆ ಬಹಳ ಹಿತವಾದ ಸಂಗತಿ. ಕಾಗದಕ್ಕಾಗಿ ಕಾದು ಕೂರುವುದು ಹೇಗಿರುತ್ತದೆ ಎಂದು ಬರೆಯುವವರಿಗೆ ಗೊತ್ತಿರುತ್ತದೆ.

ವಿಳಾಸದ ತೊಡಕು ಹೇಗೋ ಬಗೆಹರಿಯುತ್ತದೆ. ಬ್ಯಾಂಕಿನ ವಿವರದ್ದು ಅಷ್ಟು ಸುಲಭವಲ್ಲ. ಲಂಡನ್ನಿನವರು ಐಬ್ಯಾನ್ ಕೊಡಿ ಅನ್ನುತ್ತಾರೆ. ಅವರಲ್ಲಿ ಅದು ಇಪ್ಪತ್ತೆರಡು ಅಕ್ಷರದ ಉದ್ದನೆಯ ಸಾಲು. ನಮ್ಮ ದೇಶದಲ್ಲಿ ಐಬ್ಯಾನ್ ಬಳಕೆಯಲ್ಲಿಲ್ಲ. ಅಮೆರಿಕದವರು ಒಂಬತ್ತು ಅಂಕಿಯ ರೌಟಿಂಗ್ ನಂಬರ್ ಕೇಳುತ್ತಾರೆ. ನಮ್ಮ ಹತ್ತಿರ ಇರುವುದು ಐಎಫ್‌ಎಸ್‌ಸಿ, ಐದನೆಯ ಜಾಗದಲ್ಲಿ ಸೊನ್ನೆ ಇರುವ ಹನ್ನೊಂದು ಅಕ್ಷರ. ದೇಶದೊಳಗಿನ ವ್ಯವಹಾರಕ್ಕೆ ಅದು ಸಾಕು. ಹೊರದೇಶದಿಂದ ಹಣ ಬರಬೇಕಾದರೆ ಸ್ವಿಫ್ಟ್ ಕೋಡ್ ಬೇಕು. ಅದು ಎಂಟು ಅಕ್ಷರದ್ದೂ ಇರಬಹುದು, ಹನ್ನೊಂದರದ್ದೂ ಇರಬಹುದು. ಮೊದಲ ನಾಲ್ಕು ಬ್ಯಾಂಕಿನ ಗುರುತು, ಆಮೇಲಿನ ಎರಡು ದೇಶದ್ದು, ನಂತರದ ಎರಡು ಊರಿನದು, ಕೊನೆಯ ಮೂರು ಇದ್ದರೆ ಶಾಖೆಯದು. ಎಷ್ಟೋ ಸಣ್ಣ ಶಾಖೆಗಳಿಗೆ ತಮ್ಮದೇ ಸ್ವಿಫ್ಟ್ ಕೋಡ್ ಇರುವುದಿಲ್ಲ. ಬೆಂಗಳೂರಿನದೋ ಮುಂಬೈಯದೋ ಕೋಡ್ ಕೊಟ್ಟು, ಅಲ್ಲಿಂದ ನಮ್ಮ ಖಾತೆಗೆ ತಲುಪಿಸಿ ಎಂದು ಬರೆಯಬೇಕು.

ಸ್ವಿಫ್ಟ್ ಅಂದರೆ ಹಣ ಹೊತ್ತು ತರುವ ಸಂಸ್ಥೆ ಎಂದೇ ಬಹಳ ಜನ ತಿಳಿದಿದ್ದಾರೆ. ಬೆಲ್ಜಿಯಂನಲ್ಲಿ 1973ರಲ್ಲಿ ಬ್ಯಾಂಕುಗಳೇ ಸೇರಿ ಕಟ್ಟಿಕೊಂಡ ಈ ಸಹಕಾರಿ ಸಂಸ್ಥೆ ಸಾಗಿಸುವುದು ಸಂದೇಶವನ್ನು ಮಾತ್ರ. ಒಂದು ಲೇಖನಕ್ಕೆ ಸಿಗುವ ನನ್ನ ಮುನ್ನೂರು ಡಾಲರು ಅಮೆರಿಕವನ್ನು ಬಿಟ್ಟು ಬರುವುದೇ ಇಲ್ಲ. ನಮ್ಮ ಬ್ಯಾಂಕು ನ್ಯೂಯಾರ್ಕಿನ ಯಾವುದೋ ದೊಡ್ಡ ಬ್ಯಾಂಕಿನಲ್ಲಿ ಒಂದು ಖಾತೆ ಇಟ್ಟುಕೊಂಡಿರುತ್ತದೆ, ನಾಸ್ಟ್ರೋ ಖಾತೆ ಅನ್ನುತ್ತಾರೆ. ಡಾಲರು ಅಲ್ಲಿ ಜಮಾ ಆಗುತ್ತದೆ. ಇಂಥವಳ ಲೆಕ್ಕಕ್ಕೆ ಇಷ್ಟು ಬಂತು ಎಂಬ ಸುದ್ದಿ ಇಲ್ಲಿಗೆ ಬರುತ್ತದೆ. ಸುದ್ದಿಯನ್ನು ನಂಬಿ ಇಲ್ಲಿನವರು ರೂಪಾಯಿ ಕೊಡುತ್ತಾರೆ. ಇದು ತಿಳಿದ ದಿನ ನನಗೆ ತುಂಬಾ ಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ. ನಾನು ಇಲ್ಲಿಂದ ಕಳಿಸಿದ್ದೂ ಬರೀ ಮಾತು, ಅಲ್ಲಿಂದ ಬಂದದ್ದೂ ಬರೀ ಮಾತು, ನಡುವೆ ಅಕ್ಕಿ ಬೇಳೆ ಕೊಳ್ಳುವಷ್ಟು ಹಣ ಹುಟ್ಟಿತಲ್ಲ ಎಂಬ ಸೋಜಿಗ.

ಆದರೆ ಸುದ್ದಿ ನೇರವಾಗಿ ಬರುವುದಿಲ್ಲ. ಪತ್ರಿಕೆಯ ಬ್ಯಾಂಕಿಗೂ ನಮ್ಮ ಬ್ಯಾಂಕಿಗೂ ಪರಿಚಯವಿಲ್ಲದಿದ್ದರೆ ಇಬ್ಬರಿಗೂ ಗೊತ್ತಿರುವ ಮೂರನೆಯವರೊಬ್ಬರು ಬೇಕಾಗುತ್ತದೆ, ಕೆಲವೊಮ್ಮೆ ನಾಲ್ಕನೆಯವರೂ. ಮದುವೆ ಮನೆಯಿಂದ ನೆಂಟರ ಕೈಲಿ ಕಳಿಸಿದ ಲಾಡಿನ ಡಬ್ಬಿ ಮನೆಯಿಂದ ಮನೆಗೆ ದಾಟಿ ನಮ್ಮಲ್ಲಿಗೆ ಬರುವಾಗ ಒಂದೆರಡು ಕಡಿಮೆಯಾಗಿರುತ್ತದಲ್ಲ, ಹಾಗೆ ಪ್ರತಿಯೊಬ್ಬರೂ ತಮ್ಮದೊಂದಿಷ್ಟು ತೆಗೆದುಕೊಂಡೇ ಮುಂದಕ್ಕೆ ಕಳಿಸುತ್ತಾರೆ. ಈ ಖರ್ಚು ಯಾರದೆಂದು ಸಂದೇಶದಲ್ಲೇ ಮೂರಕ್ಷರದಲ್ಲಿ ನಮೂದಾಗಿರುತ್ತದೆ. 'ಅವರ್' ಎಂದಿದ್ದರೆ ಕಳಿಸುವವರದು, 'ಬೆನ್' ಎಂದಿದ್ದರೆ ಪಡೆಯುವವರದು, 'ಷಾ' ಎಂದಿದ್ದರೆ ಇಬ್ಬರದೂ. ಯಾರೂ ಹೇಳದಿದ್ದರೆ ಸಾಮಾನ್ಯವಾಗಿ ಮೂರನೆಯದೇ ಆಗುತ್ತದೆ. ಇಲ್ಲಿಗೆ ಬಂದ ಮೇಲೆ ನಮ್ಮ ಬ್ಯಾಂಕಿನ ವಿನಿಮಯ ದರ, ಆ ವಿನಿಮಯದ ಮೇಲಿನ ಜಿಎಸ್‌ಟಿ. ಜಿಎಸ್‌ಟಿ ಎಷ್ಟು ಸಣ್ಣ ಮೊತ್ತಕ್ಕೂ 45 ರೂಪಾಯಿಗಿಂತ ಕಡಿಮೆಯಾಗುವುದಿಲ್ಲ. ದೊಡ್ಡ ಕಂಪನಿಯ ಲಕ್ಷಾಂತರ ಡಾಲರಿನಲ್ಲಿ ಇಪ್ಪತ್ತು ಡಾಲರು ಹೋದರೆ ಯಾರ ಗಮನಕ್ಕೂ ಬಾರದು. ಒಂದು ಸಾವಿರ ಪದದ ಪ್ರಬಂಧದ ದುಡ್ಡಿನಲ್ಲಿ ಅಷ್ಟು ಹೋದರೆ ಒಂದು ಪ್ಯಾರಾ ಪುಕ್ಕಟೆ ಬರೆದ ಹಾಗಾಯಿತು.

ಹಣ ಹೋದದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಬ್ಯಾಂಕಿನಿಂದ ಬರುವ ಫೋನು. ಹೊರದೇಶದ ಹಣವನ್ನು ಖಾತೆಗೆ ಹಾಕುವ ಮುಂಚೆ ಅದು ಯಾತಕ್ಕೆ ಬಂತು ಎಂದು ಬ್ಯಾಂಕು ಕೇಳಲೇಬೇಕು. ರಿಸರ್ವ್ ಬ್ಯಾಂಕು ಅದಕ್ಕಾಗಿ ಒಂದು ಪಟ್ಟಿ ಮಾಡಿದೆ. 'ಪಿ' ಅಕ್ಷರ, ಅದರ ಮುಂದೆ ನಾಲ್ಕು ಅಂಕಿ. ಪರ್ಪಸ್ ಕೋಡ್ ಎಂದು ಹೆಸರು. ಸಾಫ್ಟ್‌ವೇರ್ ಕೆಲಸದ್ದು ಪಿ0802. ಹೊರದೇಶದಲ್ಲಿರುವವರು ಮನೆ ಖರ್ಚಿಗೆ ಕಳಿಸಿದ್ದಾದರೆ ಪಿ1301. ಉಡುಗೊರೆಗೊಂದು, ಜಾಹೀರಾತಿಗೊಂದು, ಸುದ್ದಿಸಂಸ್ಥೆಯ ಸೇವೆಗೊಂದು.

"ಮೇಡಂ, ಫ್ಯಾಮಿಲಿ ಮೇಂಟೆನೆನ್ಸ್ ಅಂತ ಹಾಕ್ಬಿಡ್ಲಾ? ಮಗ ಕಳ್ಸಿರೋದಲ್ವಾ?" ಅಂದ ಫೋನು ಮಾಡಿದ ಹುಡುಗ.

"ಮಗ ಅಲ್ಲಪ್ಪಾ. ನಾನು ಬರೆದಿದ್ದಕ್ಕೆ ಬಂದಿರೋದು."

"ಓ, ಕಂಟೆಂಟ್ ರೈಟಿಂಗಾ? ಹಾಗಾದ್ರೆ ಸಾಫ್ಟ್‌ವೇರ್‌ಗೆ ಹಾಕೋಣ. ಮೈಸೂರಲ್ಲಿ ಜಾಸ್ತಿ ಅದೇ ಬರೋದು ಮೇಡಂ."

"ಪತ್ರಿಕೆಗೆ ಬರೆದಿದ್ದು. ಕಾವೇರಿ ದಡದ ಬತ್ತದ ತಳಿಗಳ ಬಗ್ಗೆ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಕೀಲಿಮಣೆಯ ಸದ್ದು ಕೇಳುತ್ತಿತ್ತು, ಹುಡುಗ ಪಟ್ಟಿಯಲ್ಲಿ ಕೆಳಕ್ಕೂ ಮೇಲಕ್ಕೂ ಹುಡುಕುತ್ತಿದ್ದ ಅಂತ ಕಾಣುತ್ತದೆ. ಅವನದು ಒಳ್ಳೆಯ ಮನಸ್ಸೇ. ಹಣ ಬೇಗ ಸೇರಲಿ ಎಂಬ ಕಾಳಜಿ. ಆದರೆ ತಪ್ಪು ಕೋಡ್ ಬಿದ್ದರೆ ದುಡಿದು ಗಳಿಸಿದ ಹಣ ಕಾಗದದ ಮೇಲೆ ಯಾರೋ ಕಳಿಸಿಕೊಟ್ಟ ಹಣವಾಗಿಬಿಡುತ್ತದೆ. ಆದಾಯ ತೆರಿಗೆಯವರು ನಾಳೆ ಕೇಳಿದರೆ ಉತ್ತರ ಕೊಡುವುದು ಕಷ್ಟ. ಅದಕ್ಕೂ ಮಿಗಿಲಾದ ಸಂಕಟ ಇನ್ನೊಂದಿದೆ. ಗದ್ದೆಯ ಬದುವಿನಲ್ಲಿ ನಿಂತು ಕೇಳಿಸಿಕೊಂಡು, ತಿಂಗಳುಗಟ್ಟಲೆ ಓದಿ, ರಾತ್ರಿ ಕೂತು ವಾಕ್ಯ ವಾಕ್ಯ ಸರಿ ಮಾಡಿ ಬರೆದದ್ದು ಕೆಲಸ. ಅದಕ್ಕೆ ಬಂದದ್ದು ಕೂಲಿ. ಇದನ್ನು ಮನೆ ಖರ್ಚಿಗೆ ಬಂದ ಹಣ ಎಂದು ಬರೆಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಪಕ್ಕದ ಮನೆಯವರು "ನಿಮಗೇನು ಬಿಡಿ, ಹೊತ್ತು ಹೋಗುತ್ತೆ, ನಾಲ್ಕು ಕಾಸೂ ಬರುತ್ತೆ" ಅಂದಾಗ ನಕ್ಕು ಸುಮ್ಮನಾಗಬಲ್ಲೆ. ದೇಶದ ಲೆಕ್ಕದಲ್ಲಿ ಹಾಗೆ ಬರೆಯುವುದು ಬೇಡ.

ಯಾವ ಬಾಬ್ತು ಎಂಬ ಪ್ರಶ್ನೆಯ ಮೇಲೆ ನನಗೆ ಸಿಟ್ಟಿಲ್ಲ. ಚಿಕ್ಕಂದಿನಲ್ಲಿ ಅದನ್ನೇ ಪ್ರೀತಿಯಿಂದ ಕೇಳುವವರೊಬ್ಬರು ನಮ್ಮ ಮನೆಗೆ ಬರುತ್ತಿದ್ದರು. ಅಪ್ಪ ಕೃಷ್ಣರಾಜನಗರದ ಹತ್ತಿರದ ಹಳ್ಳಿಯಲ್ಲಿ ಪ್ರೈಮರಿ ಶಾಲೆ ಮೇಷ್ಟ್ರು. ಮಕ್ಕಳ ಕಥೆ ಬರೆದು ಬೆಂಗಳೂರಿನ ವಾರಪತ್ರಿಕೆಗಳಿಗೆ ಕಳಿಸುತ್ತಿದ್ದರು. ಸಂಭಾವನೆ ಮನಿಯಾರ್ಡರಿನಲ್ಲಿ ಬರುತ್ತಿತ್ತು. ಪೋಸ್ಟ್‌ಮ್ಯಾನ್ ಜಗುಲಿ ಮೇಲೆ ಕೂತು ಚೀಲದಿಂದ ಫಾರಂ ತೆಗೆದು, ಅಪ್ಪನ ಸಹಿ ಹಾಕಿಸಿ, ನೋಟು ಎಣಿಸಿ ಕೊಡುತ್ತಿದ್ದರು. ಕೊನೆಗೆ ಫಾರಂನ ತುದಿಯಲ್ಲಿದ್ದ ಕೂಪನ್ನನ್ನು ಅಂಗೈ ಮೇಲಿಟ್ಟುಕೊಂಡು ಉಗುರಿನಿಂದ ಗೀರಿ, ಒಂಚೂರೂ ಹರಿಯದ ಹಾಗೆ ಬಿಡಿಸಿ, ಕೊಡುವ ಮುಂಚೆ ಗಟ್ಟಿಯಾಗಿ ಓದುತ್ತಿದ್ದರು. ಪತ್ರಿಕೆಯವರು ಅದರಲ್ಲಿ ಕಥೆಯ ಹೆಸರು ಬರೆದಿರುತ್ತಿದ್ದರು. "ಇದ್ಯಾವ ಕಥೆ ಮೇಷ್ಟ್ರೇ? ಆ ನರಿದಾ?" ಅಂತ ಕೇಳಿ, ಕಥೆ ಹೇಳಿಸಿಕೊಂಡೇ ಏಳುತ್ತಿದ್ದದ್ದು. ಅಮ್ಮ ಅಷ್ಟರಲ್ಲಿ ಮಜ್ಜಿಗೆ ತಂದಿರುತ್ತಿದ್ದಳು. ನೋಟು ಅಂಗಡಿ ಬಾಕಿಗೆ ಹೋಗುತ್ತಿತ್ತು. ಕೂಪನ್ನನ್ನು ಅಪ್ಪ ಕಾಗದ ಚುಚ್ಚುವ ತಂತಿಗೆ ಹಾಕಿಡುತ್ತಿದ್ದರು.

ಭಾರತದ ಅಂಚೆ ಮನಿಯಾರ್ಡರ್ ಶುರುವಾದದ್ದು 1880ರಲ್ಲಿ. ಅದರ ಕಮಿಷನ್ ಕಟ್ಟುತ್ತಿದ್ದವರು ಕಳಿಸುವವರು. ಪಡೆಯುವವರ ಕೈಗೆ ಬರೆದಷ್ಟೂ ಪೂರ್ತಿ ಬರುತ್ತಿತ್ತು. ಅಪ್ಪನ ಐವತ್ತು ರೂಪಾಯಿ ಐವತ್ತೇ ಆಗಿರುತ್ತಿತ್ತು. ಆ ವ್ಯವಸ್ಥೆಯಲ್ಲಿದ್ದ ಮರ್ಯಾದೆ ನನಗೆ ಅರ್ಥವಾದದ್ದು ನನ್ನ ಮುನ್ನೂರು ಡಾಲರು ಇನ್ನೂರ ಎಪ್ಪತ್ತಾಗಿ ಬಂದ ಮೇಲೆ.

ದೂರದ ಪತ್ರಿಕೆಗೆ ಬರೆಯುವವರು ಮೈಸೂರಿಗೆ ಹೊಸಬರೇನೂ ಅಲ್ಲ. ಆರ್.ಕೆ. ನಾರಾಯಣ್ ಈ ಊರಿನಲ್ಲಿ ಕೂತು ಬರವಣಿಗೆಯಿಂದಲೇ ಬದುಕುತ್ತೇನೆಂದು ಹೊರಟ ಮೊದಲ ವರ್ಷದ ಗಳಿಕೆ ಒಂಬತ್ತು ರೂಪಾಯಿ ಹನ್ನೆರಡು ಆಣೆ, ಅದೂ ಒಂದು ಪುಸ್ತಕ ವಿಮರ್ಶೆಗೆ. ಎರಡನೆಯ ವರ್ಷ ಒಂದು ಕಥೆಗೆ ಹದಿನೆಂಟು ರೂಪಾಯಿ. ಅವರ ಮೊದಲ ಕಾದಂಬರಿಯ ಹಸ್ತಪ್ರತಿ ಇಂಗ್ಲೆಂಡಿನ ಪ್ರಕಾಶಕರ ಬಾಗಿಲು ತಟ್ಟಿ ತಟ್ಟಿ ಸೋತಾಗ, ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯ ಪೂರ್ಣರಿಗೆ ಅದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕಿಬಿಡು ಎಂದು ಬರೆದದ್ದೂ ಉಂಟು. ಗೆಳೆಯ ಅದನ್ನು ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಕೈಗೆ ಕೊಟ್ಟರು. 1935ರಲ್ಲಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಬಂತು. ಯಾದವಗಿರಿಯ ಅವರ ಮನೆ ಈಗ ಸ್ಮಾರಕವಾಗಿದೆ. ಅಲ್ಲಿಗೆ ಹೋದಾಗಲೆಲ್ಲ ಆ ಒಂಬತ್ತು ರೂಪಾಯಿ ಹನ್ನೆರಡು ಆಣೆ ನೆನಪಾಗುತ್ತದೆ. ಅಷ್ಟು ಮೊತ್ತವನ್ನು ಆಣೆ ಸಮೇತ ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಆತ್ಮಕಥೆಯಲ್ಲಿ ಬರೆದರಲ್ಲ, ಅದು ಅವರಿಗೆ ಎಷ್ಟು ಮುಖ್ಯವಾಗಿತ್ತೆಂದು ಬರೆದು ಬದುಕುವವರಿಗೆ ಬೇರೆ ಹೇಳಬೇಕಾಗಿಲ್ಲ.

ಆ ಕಾಲದವರಿಗೆ ಹಣ ಬರುವುದು ಹಾಗಿರಲಿ, ಕಳಿಸಿದ ಕಥೆ ವಾಪಸು ಬರಬೇಕಾದರೂ ಖರ್ಚಿತ್ತು. ಇನ್ನೊಂದು ದೇಶದ ಸ್ಟ್ಯಾಂಪು ನಮ್ಮಲ್ಲಿ ಎಲ್ಲಿ ಸಿಗಬೇಕು? ಅದಕ್ಕಾಗಿ ವಿಶ್ವ ಅಂಚೆ ಒಕ್ಕೂಟ 1906ರ ರೋಮ್ ಸಮ್ಮೇಳನದಲ್ಲಿ ಒಂದು ಉಪಾಯ ಮಾಡಿತು, ಇಂಟರ್‌ನ್ಯಾಷನಲ್ ರಿಪ್ಲೈ ಕೂಪನ್. ಇಲ್ಲಿ ಕೊಂಡು ಲಕೋಟೆಯಲ್ಲಿಟ್ಟು ಕಳಿಸಿದರೆ ಅಲ್ಲಿನವರು ಅದನ್ನು ತಮ್ಮ ಅಂಚೆ ಕಚೇರಿಯಲ್ಲಿ ಕೊಟ್ಟು ಸ್ಟ್ಯಾಂಪು ಪಡೆಯಬಹುದಿತ್ತು. ಬೇಡವೆಂದ ಕಥೆ ಮನೆಗೆ ಮರಳಲು ಬರೆದವರೇ ಮುಂಗಡ ಕಟ್ಟಿದ ಟಿಕೆಟು ಅದು. ಇದೇ ಕೂಪನ್ನನ್ನು ಒಂದು ದೇಶದಲ್ಲಿ ಅಗ್ಗಕ್ಕೆ ಕೊಂಡು ಇನ್ನೊಂದರಲ್ಲಿ ಲಾಭಕ್ಕೆ ಬಿಡಿಸುತ್ತೇನೆಂದು ನಂಬಿಸಿ ಬಾಸ್ಟನ್ನಿನ ಚಾರ್ಲ್ಸ್ ಪೊಂಜಿ 1920ರಲ್ಲಿ ಸಾವಿರಾರು ಜನರ ದುಡ್ಡು ಮುಳುಗಿಸಿದ. ಪೊಂಜಿ ಸ್ಕೀಮು ಎಂಬ ಹೆಸರು ಬಂದದ್ದು ಅವನಿಂದ. ಬರಹಗಾರರು ಕಥೆಯ ಜೊತೆ ಆಸೆಯಿಂದ ಇಟ್ಟು ಕಳಿಸುತ್ತಿದ್ದ ಒಂದು ಸಾಧು ಚೀಟಿಗೆ ಇಂಥ ಗತಿ ಬಂತಲ್ಲ ಎಂದು ಮರುಕವಾಗುತ್ತದೆ.

ನಾನು ಬರೆಯಲು ಶುರು ಮಾಡಿದ ಕಾಲಕ್ಕೆ ಡಾಲರಿನ ಚೆಕ್ಕು ಅಂಚೆಯಲ್ಲಿ ಬರುತ್ತಿತ್ತು. ಬ್ಯಾಂಕಿಗೆ ಕೊಟ್ಟರೆ ಅದನ್ನು ಕಲೆಕ್ಷನ್‌ಗೆ ಅಂತ ಮತ್ತೆ ಅಮೆರಿಕಕ್ಕೆ ಕಳಿಸುತ್ತಿದ್ದರು. ತಿಂಗಳು ಕಳೆದರೂ ಸುದ್ದಿ ಇರುತ್ತಿರಲಿಲ್ಲ. ಪೇಪಾಲ್ ಬಂದಾಗ ಹಗುರವಾಯಿತು ಅನ್ನಿಸಿತು. 2010ರ ಫೆಬ್ರುವರಿಯಲ್ಲಿ ಭಾರತದ ವೈಯಕ್ತಿಕ ಪಾವತಿಗಳು ಅದರಲ್ಲಿ ಏಕಾಏಕಿ ನಿಂತವು. ಮಾರನೆಯ ವರ್ಷ ಮಾರ್ಚಿನಿಂದ ಒಂದು ಸಲಕ್ಕೆ 500 ಡಾಲರಿನ ಮಿತಿ ಬಂತು, ಬಂದ ಹಣವನ್ನು ಏಳು ದಿನದೊಳಗೆ ಬ್ಯಾಂಕಿಗೆ ಇಳಿಸಿಕೊಳ್ಳಬೇಕೆಂಬ ನಿಯಮ ಬಂತು. ಮಿತಿ ಆಮೇಲೆ ಏರಿತು. ಬರಹಗಾರರ ದುಡ್ಡು ಆ ಮಿತಿಯನ್ನು ಮುಟ್ಟುವುದು ಅಪರೂಪವಾದ್ದರಿಂದ ನಮಗೆ ಅದರಿಂದ ದೊಡ್ಡ ವ್ಯತ್ಯಾಸವಾಗಲಿಲ್ಲ.

ಹೊರದೇಶದ ಹಣಕ್ಕೆ ಈಗ ಬಹಳ ಜನ ಬಳಸುವ ವೈಸ್ ಕಂಪನಿಯ ಹುಟ್ಟಿನ ಕಥೆ ನನಗೆ ಇಷ್ಟ. ಲಂಡನ್ನಿನಲ್ಲಿ ಎಸ್ಟೋನಿಯಾದ ಇಬ್ಬರು ಗೆಳೆಯರಿದ್ದರು. ಒಬ್ಬರಿಗೆ ಸಂಬಳ ಯೂರೋದಲ್ಲಿ, ಖರ್ಚು ಪೌಂಡಿನಲ್ಲಿ. ಇನ್ನೊಬ್ಬರಿಗೆ ಸಂಬಳ ಪೌಂಡಿನಲ್ಲಿ, ಊರಿನ ಮನೆಸಾಲ ಯೂರೋದಲ್ಲಿ. ಮೊದಲನೆಯವರು ಎರಡನೆಯವರ ಪೌಂಡು ಪಡೆದು, ಅವರ ಊರಿನ ಖಾತೆಗೆ ತಮ್ಮ ಯೂರೋ ಹಾಕಿದರು. ಹಣ ಗಡಿ ದಾಟಲೇ ಇಲ್ಲ, ಇಬ್ಬರ ಕೆಲಸವೂ ಆಯಿತು. ಅದರಿಂದ 2011ರಲ್ಲಿ ಕಂಪನಿ ಹುಟ್ಟಿತು. ನಮ್ಮ ಸಾಹುಕಾರರು ಶತಮಾನಗಳ ಹಿಂದೆಯೇ ಹುಂಡಿ ಬರೆದು ಒಂದೂರಿನ ಹಣಕ್ಕೆ ಇನ್ನೊಂದೂರಿನಲ್ಲಿ ಹಣ ಕೊಡಿಸುತ್ತಿದ್ದುದೂ ಇದೇ ವಿಶ್ವಾಸದ ಮೇಲೆ. ವೈಸ್‌ನಲ್ಲಿ ಕಡಿತ ಎಷ್ಟೆಂದು ಮೊದಲೇ ಕಾಣುತ್ತದೆ. ಎಷ್ಟು ಹೋಗುತ್ತದೆಂದು ಗೊತ್ತಿದ್ದರೆ ಮನಸ್ಸಿಗೆ ನೆಮ್ಮದಿ.

ಅಮೆರಿಕದವರಿಗೆ ಒಂದು ಡಬ್ಲ್ಯೂ-8ಬೆನ್ ಫಾರ್ಮನ್ನೂ ತುಂಬಿಕೊಡಬೇಕು. ನಾನು ಅಮೆರಿಕದವಳಲ್ಲ ಎಂದು ಪ್ರಮಾಣ ಮಾಡುವ ಕಾಗದ ಅದು. ಕೊಡದಿದ್ದರೆ ನೂರಕ್ಕೆ ಮೂವತ್ತು ಅಲ್ಲೇ ತೆರಿಗೆಯಾಗಿ ಹಿಡಿಯಬಹುದು. ಸಹಿ ಮಾಡಿದ ವರ್ಷದ ನಂತರ ಮೂರು ವರ್ಷ ಕಳೆದರೆ ಅದರ ಆಯುಸ್ಸು ಮುಗಿಯಿತು, ಹೊಸದು ಕೊಡಬೇಕು.

ಇತ್ತೀಚೆಗೆ ಒಂದು ಸಂಜೆ ಹೆಗ್ಗಡದೇವನಕೋಟೆ ಕಡೆಯ ಹುಡುಗಿಯೊಬ್ಬಳು ಫೋನು ಮಾಡಿದಳು. ಕಬಿನಿ ಹಿನ್ನೀರಿನ ಊರುಗಳ ಬಗ್ಗೆ ಬ್ರಿಟನ್ನಿನ ಪತ್ರಿಕೆಗೆ ಬರೆದಿದ್ದಾಳೆ, ಚೆನ್ನಾಗಿ ಬರೆಯುತ್ತಾಳೆ. "ಅಕ್ಕಾ, ದುಡ್ಡು ಕಮ್ಮಿ ಬಂದಿದೆ. ಕೇಳಿದ್ರೆ ಮುಂದಿನ ಸಲ ಬರೆಯೋಕೆ ಕೊಡಲ್ವೇನೋ ಅಂತ ಭಯ" ಅಂದಳು. ಆ ಭಯ ನನಗೆ ಚೆನ್ನಾಗಿ ಗೊತ್ತು. ಕೇಳು ಅಂದೆ. ಇನ್‌ವಾಯ್ಸಿನಲ್ಲೇ ಬ್ಯಾಂಕ್ ಖರ್ಚು ಕಳಿಸುವವರದು ಎಂದು ಬರೆದುಬಿಡು. ಹಣ ಬಂದ ಮೇಲೆ ಬ್ಯಾಂಕಿನಿಂದ ಇನ್‌ವರ್ಡ್ ರೆಮಿಟೆನ್ಸ್ ಅಡ್ವೈಸ್ ಕೇಳಿ ಇಸಕೊ, ಯಾರು ಯಾತಕ್ಕೆ ಕಳಿಸಿದರು ಎಂಬುದಕ್ಕೆ ಅದೇ ಸಾಕ್ಷಿ. ಸಂಪಾದಕರು ಒಳ್ಳೆಯವರಾಗಿದ್ದರೆ, ಬಹಳ ಮಂದಿ ಒಳ್ಳೆಯವರೇ, ನೀನು ಕೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಎಷ್ಟೋ ಸಲ ಇಲ್ಲಿ ಕಡಿತವಾಗುವುದು ಅವರಿಗೆ ಗೊತ್ತೇ ಇರುವುದಿಲ್ಲ.

ಇನ್ನೊಂದು ಮಾತನ್ನೂ ಅವಳಿಗೆ ಹೇಳಿದೆ. ಬ್ಯಾಂಕುಗಳು ದಶಕಗಟ್ಟಲೆ ಬಳಸಿದ ಸ್ವಿಫ್ಟ್ ಸಂದೇಶದ ನಮೂನೆಯಲ್ಲಿ 70ನೆಯ ಸಂಖ್ಯೆಯ ಒಂದು ಅಂಕಣವಿತ್ತು. ಮೂವತ್ತೈದು ಅಕ್ಷರದ ನಾಲ್ಕು ಸಾಲು, ಹಣ ಕಳಿಸುವವರು ಪಡೆಯುವವರಿಗೆ ಏನಾದರೂ ಬರೆಯಲಿ ಎಂದು ಬಿಟ್ಟ ಜಾಗ. ನಮೂನೆ ಈಗ ಬದಲಾಗಿದೆ, ಜಾಗ ಉಳಿದಿದೆ. ಸಾಮಾನ್ಯವಾಗಿ ಅದರಲ್ಲಿ ಇನ್‌ವಾಯ್ಸ್ ನಂಬರ್ ಒಂದೇ ಇರುತ್ತದೆ. ಒಮ್ಮೆ ಕೆನಡಾದ ಸಣ್ಣ ಪತ್ರಿಕೆಯೊಂದರ ಅಕೌಂಟ್ಸ್‌ನವರು ನಾನು ಕೇಳಿಕೊಂಡಿದ್ದಕ್ಕೆ ಅಲ್ಲಿ ಪ್ರಬಂಧದ ಶೀರ್ಷಿಕೆಯನ್ನೇ ಪೂರ್ತಿ ಟೈಪು ಮಾಡಿದ್ದರು. ಬ್ಯಾಂಕಿನ ಹುಡುಗ ಅದನ್ನು ಫೋನಿನಲ್ಲಿ ಓದಿದ. ಅಪ್ಪನ ಕೂಪನ್ನಿನ ಜಾಗ ಇಲ್ಲೂ ಇದೆ ಎಂದು ನನಗೆ ಗೊತ್ತಾದದ್ದು ಆಗ. ಅಂದಿನಿಂದ ಪ್ರತಿ ಇನ್‌ವಾಯ್ಸಿನ ಕೊನೆಯಲ್ಲಿ ಒಂದು ಸಾಲು ಸೇರಿಸುತ್ತೇನೆ: ದಯವಿಟ್ಟು ಹಣದ ಜೊತೆ ಲೇಖನದ ಹೆಸರು ಬರೆಯಿರಿ. ಕೆಲವರು ಬರೆಯುತ್ತಾರೆ. ಬರೆದಾಗ ಬ್ಯಾಂಕಿನವರ ಪ್ರಶ್ನೆಯೂ ಬೇಗ ಮುಗಿಯುತ್ತದೆ. ಪತ್ರಿಕೆಯ ಬರಹಕ್ಕೆ ಬಂದ ಹಣ ಎಂದು ಅವರಿಗೆ ಅಲ್ಲೇ ಕಾಣುತ್ತದೆ.

ಹುಡುಗಿ ಬರೆದುಕೊಂಡಳು. ಪತ್ರಿಕೆಯವರಿಗೆ ಕಾಗದದ ಕರಡು ಮಾಡಿ ನಾಳೆ ಕಳಿಸುತ್ತೇನೆ, ಒಂದು ಸಲ ನೋಡಿಕೊಡಿ ಅಂದಳು. ನನ್ನದೂ ಒಂದು ಬಾಕಿಯಿದೆ. ನಂಜನಗೂಡು ರಸಬಾಳೆಯ ಮೇಲಿನ ಲೇಖನ ಪ್ರಕಟವಾಗಿ ಮೂವತ್ತು ದಿನದಲ್ಲಿ ಕೊಡುತ್ತೇವೆ ಅಂದವರು ಇನ್ನೂ ಕೊಟ್ಟಿಲ್ಲ. ನ್ಯೂಯಾರ್ಕಿನ ಕಚೇರಿ ತೆರೆಯುವುದು ನಮ್ಮ ಸಂಜೆಗೆ. ಅಡುಗೆ ಮುಗಿಸಿ ಬರೆಯಬೇಕು.